ಗ್ರೀನ್ ಟೀ ಲೋಟ, ಫ್ಯಾಟಿ ಲಿವರ್ ಮತ್ತು ಪೀಣ್ಯದ ಪಾಳಿ

(ಚಿಕ್ಕಬಾಣಾವರದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಹೊಟ್ಟೆನೋವೆಂದೋ ಕಿಡ್ನಿಯಲ್ಲಿ ಕಲ್ಲಿರಬಹುದೆಂದೋ ಸ್ಕ್ಯಾನಿಂಗ್‌ಗೆ ಹೋದವರ ವರದಿಯ ಕೊನೆಗೆ ಈಚೆಗೆ ಒಂದು ಸಾಲು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ: ‘ಗ್ರೇಡ್ ಒನ್ ಫ್ಯಾಟಿ ಲಿವರ್’. ಕಲ್ಲು ಸಿಗದಿದ್ದರೂ ಈ ಸಾಲು ಸಿಗುತ್ತದೆ. ಡಾಕ್ಟರು ‘ತೂಕ ಇಳಿಸಿ, ಎಣ್ಣೆ ಕಡಿಮೆ ಮಾಡಿ, ವಾಕಿಂಗ್ ಮಾಡಿ’ ಎಂದು ಮೂರು ಮಾತು ಹೇಳಿ ಮುಂದಿನ ಚೀಟಿಯನ್ನು ಕರೆಯುತ್ತಾರೆ. ಹೊರಗೆ ಬಂದವರಿಗೆ ತೂಕ ಇಳಿಸುವ ದಾರಿ ತಿಳಿಯದು, ವಾಕಿಂಗಿಗೆ ಹೊತ್ತಿಲ್ಲ. ದಾರಿಯಲ್ಲಿ ಸಿಗುವ ಅಂಗಡಿಯಲ್ಲಿ ಹಸಿರು ಬಣ್ಣದ ಒಂದು ಡಬ್ಬಿ ಕೊಳ್ಳುತ್ತಾರೆ. ಏನೋ ಒಂದು ಮಾಡಿದೆವೆಂಬ ಸಮಾಧಾನ ಆಗುತ್ತದೆ.

ಈ ಉಪನ್ಯಾಸ ಆ ಡಬ್ಬಿಯ ಕುರಿತದ್ದು. ಅದರೊಳಗಿನ ಎಲೆಗೆ ಲಿವರಿನ ಕೊಬ್ಬು ಕರಗಿಸುವ ಗುಣ ಇದೆಯೆ? ಇದ್ದರೆ ಎಷ್ಟರ ಮಟ್ಟಿಗೆ? ಅದೇ ಎಲೆಯ ಸಾರ ತೆಗೆದು ಗುಳಿಗೆ ಮಾಡಿ ನುಂಗಿದರೆ ಏನಾಗುತ್ತದೆ? ಮೂರನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ಕೇಳಲೇಬೇಕಾದದ್ದು ಅದೇ.

ಚಿಕ್ಕಬಾಣಾವರದಂಥ ಊರಿನಲ್ಲಿ ಈ ಮಾತು ಎತ್ತಲು ಕಾರಣವಿದೆ. ಕೆರೆಯ ಮಗ್ಗುಲಿನ ಈ ಊರಿಗೆ ಕೂಗಳತೆಯಲ್ಲಿ 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ತಲೆಯೆತ್ತಿತು. ಲೇತು, ಸಿಎನ್‌ಸಿ ಯಂತ್ರ, ಗಾರ್ಮೆಂಟ್ಸು, ಪ್ಲೇಟಿಂಗ್, ಪ್ಯಾಕಿಂಗ್ ಎಂದು ಸಾವಿರಾರು ಶೆಡ್ಡುಗಳು ಎದ್ದವು. ಅಲ್ಲಿ ದುಡಿಯಲು ಬಂದವರು ಹೆಸರಘಟ್ಟ ರಸ್ತೆಯ ಉದ್ದಕ್ಕೂ ಬಾಡಿಗೆ ಮನೆ ಹಿಡಿದರು. ರೈಲು ನಿಲ್ದಾಣ ತುಮಕೂರಿನ ದಾರಿ ಮತ್ತು ಹಾಸನದ ದಾರಿ ಕವಲೊಡೆಯುವ ಜಂಕ್ಷನ್ ಆಯಿತು. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ಮಾರ್ಗ 2017ರಲ್ಲಿ ಪೂರ್ತಿಯಾಗಿ ತೆರೆಯಿತು. ಹೊಲದಲ್ಲಿ ಬೆನ್ನು ಬಗ್ಗಿಸುತ್ತಿದ್ದವರ ಮಕ್ಕಳು ಈಗ ಯಂತ್ರದ ಮುಂದೆ ನಿಲ್ಲುತ್ತಾರೆ, ಕಂಪ್ಯೂಟರಿನ ಮುಂದೆ ಕೂರುತ್ತಾರೆ. ತಟ್ಟೆಯಲ್ಲಿ ಬೀಳುವ ಅನ್ನದ ರಾಶಿ ಮಾತ್ರ ಹೊಲದ ಕಾಲದ್ದೇ ಆಗಿ ಉಳಿದಿದೆ.

ಬೆಳಗಿನ ಆರರ ಹೊತ್ತಿಗೆ ರಾತ್ರಿ ಪಾಳಿ ಬಿಟ್ಟು ಬರುವವರು ನಿಲ್ಲುವ ಟೀ ಅಂಗಡಿಯನ್ನು ನೋಡಬೇಕು. ಸಣ್ಣ ಗಾಜಿನ ಲೋಟ, ಹಾಲಿನಲ್ಲೇ ಕುದಿದು ಕೆಂಪಾದ ಪುಡಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಜೊತೆಗೆ ಬನ್ನೋ ಎಗ್ ಪಫ್ಫೋ. ರಾತ್ರಿಯಿಡೀ ಕಣ್ಣು ತೆರೆದಿರಲು ಇಂಥವೇ ನಾಲ್ಕೈದು ಲೋಟ ಆಗಲೇ ಒಳಗೆ ಹೋಗಿರುತ್ತವೆ. ಚಮಚಕ್ಕೆ 5 ಗ್ರಾಂ ಎಂದು ಹಿಡಿದರೂ ರಾತ್ರಿಯ ಆ ಲೋಟಗಳಿಂದಲೇ 40ರಿಂದ 50 ಗ್ರಾಂ ಸಕ್ಕರೆ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 25 ಗ್ರಾಂ ಸಕ್ಕರೆಯ ಮಿತಿ ಹೇಳುತ್ತದೆ. ಸಾಧ್ಯವಾದರೆ ಹೆಚ್ಚುಕಡಿಮೆ ಅಷ್ಟಕ್ಕೇ ಇಳಿಸಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಈ ಸಕ್ಕರೆಗೂ ಲಿವರಿನ ಕೊಬ್ಬಿಗೂ ಏನು ಸಂಬಂಧ? ಎಣ್ಣೆ ತಿಂದರೆ ಲಿವರಿಗೆ ಎಣ್ಣೆ ಹತ್ತುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ನಿಜ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳಿಗೆ ಗುರುತು ಹಚ್ಚಿದ ಕೊಬ್ಬು, ಸಕ್ಕರೆಗಳನ್ನು ಕೊಟ್ಟು, ಲಿವರಿನಲ್ಲಿ ಸೇರಿದ ಕೊಬ್ಬು ಎಲ್ಲಿಂದ ಬಂತೆಂದು ಲೆಕ್ಕ ಹಾಕಿದರು. ನೇರವಾಗಿ ಊಟದ ಕೊಬ್ಬಿನಿಂದ ಬಂದದ್ದು ಶೇ. 15 ಮಾತ್ರ. ಶೇ. 26ರಷ್ಟನ್ನು ಲಿವರು ತಾನೇ ಹೊಸದಾಗಿ ತಯಾರಿಸಿತ್ತು, ಅದೂ ಮುಖ್ಯವಾಗಿ ಪಿಷ್ಟ ಸಕ್ಕರೆಗಳಿಂದ. ಮಿಕ್ಕ ಶೇ. 59 ಮೈಯ ಕೊಬ್ಬಿನ ಪದರಗಳಿಂದ ರಕ್ತದ ಮೂಲಕ ಹರಿದುಬಂದದ್ದು. ಇನ್ಸುಲಿನ್ನಿನ ಮಾತನ್ನು ಆ ಪದರಗಳು ಕೇಳದೆ ಹೋದಾಗ ಕೊಬ್ಬು ಹಗಲು ರಾತ್ರಿ ಸೋರುತ್ತದೆ, ಲಿವರು ಅದನ್ನೆಲ್ಲ ತುಂಬಿಕೊಳ್ಳುತ್ತದೆ. ಅಂದರೆ ಬಜ್ಜಿ ಬಿಟ್ಟು, ಎರಡು ತಟ್ಟೆ ಬಿಳಿ ಅನ್ನ ಮತ್ತು ಐದು ಲೋಟ ಸಿಹಿ ಟೀ ಉಳಿಸಿಕೊಂಡವರ ಲಿವರಿಗೆ ಹೇಳಿಕೊಳ್ಳುವಂಥ ಬಿಡುವು ಸಿಗಲಿಲ್ಲ.

ಕುಡಿತವಿಲ್ಲದವರ ಲಿವರೂ ಕುಡುಕರ ಲಿವರಿನಂತೆ ಕೆಡಬಹುದೆಂದು ವೈದ್ಯಲೋಕ ಒಪ್ಪಿಕೊಂಡು ಬಹಳ ಕಾಲವಾಗಿಲ್ಲ. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಯುರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು ಅಂಥ 20 ರೋಗಿಗಳ ವಿವರ ಬರೆದರು. ಹೆಚ್ಚಿನವರು ಸ್ಥೂಲಕಾಯರು, ಹಲವರಿಗೆ ಸಕ್ಕರೆ ಕಾಯಿಲೆಯಂಥವೂ ಇದ್ದವು. ಮೊದಲು ಕೊಬ್ಬು, ಆಮೇಲೆ ಉರಿಯೂತ, ಆಮೇಲೆ ಗಾಯದ ಕಲೆಯಂತೆ ಗಟ್ಟಿಯಾಗುವ ನಾರು, ಕೊನೆಗೆ ಕೆಲವರಲ್ಲಿ ಸಿರೋಸಿಸ್ ಅಥವಾ ಕ್ಯಾನ್ಸರು. ಎಲ್ಲರೂ ಈ ದಾರಿಯ ಕೊನೆಯವರೆಗೆ ಹೋಗುವುದಿಲ್ಲ. ಯಾರು ಹೋಗುತ್ತಾರೆಂಬುದು ಸ್ಕ್ಯಾನಿಂಗಿನ ಆ ಒಂದು ಸಾಲಿನಿಂದ ತಿಳಿಯುವುದೂ ಇಲ್ಲ.

‘ನಾನೇನು ದಪ್ಪ ಇಲ್ಲವಲ್ಲ’ ಎನ್ನುವವರಿಗೆ ಪುಣೆಯ ಒಂದು ಚಿತ್ರ ತೋರಿಸಬೇಕು. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಫೋಟೊ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದ್ದೂ 22.3. ನೋಡಲು ಇಬ್ಬರೂ ತೆಳ್ಳಗೆ. ಮೈಯೊಳಗಿನ ಕೊಬ್ಬು ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ಭಾರತೀಯರ ಮೈಯಲ್ಲಿ ಮಾಂಸಖಂಡ ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು ಎಂಬುದನ್ನು ಇಷ್ಟು ಸರಳವಾಗಿ ಬೇರೆ ಯಾವ ಗ್ರಾಫೂ ತೋರಿಸಿಲ್ಲ. 2010ರಲ್ಲಿ ಪ್ರಕಟವಾದ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳ ಅಧ್ಯಯನದಲ್ಲಿ ಫ್ಯಾಟಿ ಲಿವರ್ ಇದ್ದವರ ಪೈಕಿ ಮುಕ್ಕಾಲು ಪಾಲು ಜನರ ಬಿಎಂಐ 25ಕ್ಕಿಂತ ಕಡಿಮೆ ಇತ್ತು. ಅದಕ್ಕೇ ನಮ್ಮವರ ಮಟ್ಟಿಗೆ ಬಿಎಂಐ 23 ದಾಟಿದರೆ ಎಚ್ಚರ, 25 ದಾಟಿದರೆ ಸ್ಥೂಲಕಾಯ ಎಂದು ಮಿತಿ ಇಳಿಸಿರುವುದು. ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ.

ಹೈದರಾಬಾದಿನ ಐಟಿ ಉದ್ಯೋಗಿಗಳ ಮೇಲಿನ ಅಧ್ಯಯನವೊಂದು 2025ರಲ್ಲಿ ಪ್ರಕಟವಾಗಿ ಸಂಸತ್ತಿನವರೆಗೂ ಸುದ್ದಿಯಾಯಿತು. 345 ಮಂದಿಯಲ್ಲಿ ಶೇ. 84ರಷ್ಟು ಜನರ ಲಿವರಿನಲ್ಲಿ ಕೊಬ್ಬು ಹೆಚ್ಚಿತ್ತು. ಶೇ. 71 ಮಂದಿ ಸ್ಥೂಲಕಾಯರು. ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ದುಡಿಯುವವರ ಬದುಕು ಹೈದರಾಬಾದಿನವರದ್ದಕ್ಕಿಂತ ಬೇರೆಯಲ್ಲ. ಅದೇ ಕುರ್ಚಿ, ಅದೇ ತಡರಾತ್ರಿಯ ಬಿರಿಯಾನಿ. ಇನ್ನು ಇಡೀ ರಾಜ್ಯದ ಮಾತು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸರು ಗಂಡಸರೆನ್ನದೆ ಸುಮಾರು ಶೇ. 30 ಮಂದಿಯ ತೂಕ ಮಿತಿಮೀರಿದೆ, ಅದೂ 25ರ ಹಳೆಯ ಮಿತಿಯಲ್ಲಿ ಎಣಿಸಿದಾಗ.

ಈಗ ಎಲೆಯ ಕಡೆಗೆ.

ಗ್ರೀನ್ ಟೀಯ ಗಿಡ ಬೇರೆಯದಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲೂ ನೀಲಗಿರಿಯಲ್ಲೂ ಬೆಳೆಯುವ ಅದೇ ಚಹಾ ಗಿಡ. ಕಿತ್ತ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಕಪ್ಪಾಗಲು ಬಿಟ್ಟರೆ ಮಾಮೂಲಿ ಚಹಾ. ಕಪ್ಪಾಗುವ ಮೊದಲೇ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿ ಮುಟ್ಟಿಸಿ ಒಣಗಿಸಿದರೆ ಹಸಿರು ಚಹಾ. ಬಿಸಿ ತಾಗಿದ ಕಾರಣ ಎಲೆಯಲ್ಲಿರುವ ಕ್ಯಾಟೆಚಿನ್ ಎಂಬ ಅಂಶಗಳು ಹಾಗೇ ಉಳಿಯುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಇಜಿಸಿಜಿ. ನಾಲಿಗೆಗೆ ಹತ್ತುವ ಒಗರು ಇವುಗಳದ್ದೇ.

ಇಲಿಗಳ ಮೇಲೆ ಇದರ ಗುಣ ಚೆನ್ನಾಗಿಯೇ ಕಂಡಿದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಬ್ರೂನೊ ಈ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. 2019ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಇಲಿಗಳಿಗೆ ಎಂಟು ವಾರ ಕೊಬ್ಬು ತುಂಬಿದ ಆಹಾರ ಕೊಟ್ಟರು. ಅವುಗಳಲ್ಲಿ ಅರ್ಧದಷ್ಟಕ್ಕೆ ಆ ಆಹಾರದಲ್ಲೇ ಶೇ. 2ರಷ್ಟು ಗ್ರೀನ್ ಟೀ ಸಾರ ಬೆರೆಸಿದರು. ಸಾರ ತಿಂದ ಇಲಿಗಳ ತೂಕ ಉಳಿದವುಗಳಿಗಿಂತ ಸುಮಾರು ಶೇ. 20 ಕಡಿಮೆ ಏರಿತು, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು, ಉರಿಯೂತ ತಗ್ಗಿತು.

ಇದರ ಹಿಂದಿನ ಕೆಲಸದ ಬಗೆ ಸ್ವಾರಸ್ಯವಾದದ್ದು. ಕ್ಯಾಟೆಚಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಹೆಚ್ಚಿನ ಪಾಲು ಕರುಳಿನಲ್ಲೇ ಉಳಿಯುತ್ತದೆ. ಕೊಬ್ಬಿನ ಆಹಾರ ಸತತವಾಗಿ ಬಿದ್ದಾಗ ಕರುಳಿನ ಗೋಡೆಯ ಕೀಲುಗಳು ಸಡಿಲಗೊಂಡು, ಬ್ಯಾಕ್ಟೀರಿಯಾಗಳ ವಿಷದ ತುಣುಕುಗಳು ಒಳಗೆ ನುಸುಳುತ್ತವೆ. ಕರುಳಿನಿಂದ ಹೊರಟ ರಕ್ತ ನೇರವಾಗಿ ಹೋಗುವುದು ಲಿವರಿಗೆ. ಆ ತುಣುಕುಗಳ ಏಟು ಮೊದಲು ಬೀಳುವುದೂ ಅಲ್ಲಿಗೇ. ಗ್ರೀನ್ ಟೀ ಕರುಳಿನ ಆ ಸಡಿಲವನ್ನು ಬಿಗಿಗೊಳಿಸಿ ಲಿವರಿನ ಮೇಲಿನ ಏಟನ್ನು ತಗ್ಗಿಸುತ್ತದೆ ಎಂಬುದು ಬ್ರೂನೊ ತಂಡದ ವಿವರಣೆ. ಗಟ್ಟಿ ವಿವರಣೆಯೇ. ಆದರೆ ಇಲಿ ತಿಂದ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸಿದರೆ ದಿನಕ್ಕೆ ಹತ್ತು ಕಪ್ಪಿನ ಆಸುಪಾಸು ಆಗುತ್ತದೆ.

ಹತ್ತು ಕಪ್ಪು ಕುಡಿಯುವ ಮನುಷ್ಯರೂ ಇದ್ದಾರೆ, ಜಪಾನಿನಲ್ಲಿ. ಸೈತಾಮಾ ಪ್ರಾಂತ್ಯದ ಯೋಶಿಮಿ ಎಂಬಲ್ಲಿ 40 ದಾಟಿದ 1371 ಗಂಡಸರನ್ನು ಪರೀಕ್ಷಿಸಿದ ವರದಿ 1995ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ಹೆಚ್ಚು ಗ್ರೀನ್ ಟೀ ಕುಡಿಯುವವರ ರಕ್ತದಲ್ಲಿ, ಅದರಲ್ಲೂ ಹತ್ತು ಕಪ್ಪು ಮೀರಿದವರಲ್ಲಿ, ಲಿವರಿನ ಹಾನಿಯನ್ನು ತೋರಿಸುವ ಅಂಶಗಳು ಕಡಿಮೆ ಇದ್ದವು. ಆದರೆ ಇದು ಒಂದು ಹೊತ್ತಿನ ನೋಟ. ಚಹಾದಿಂದಲೇ ಹಾಗಾಯಿತೆಂದು ಇದರಿಂದ ಹೇಳಲು ಬರುವುದಿಲ್ಲ. ಮೇಲಾಗಿ ಜಪಾನಿನವರ ಗ್ರೀನ್ ಟೀಗೆ ಸಕ್ಕರೆ ಬೀಳುವುದಿಲ್ಲ, ಪಕ್ಕದಲ್ಲಿ ಪಫ್ ಇರುವುದಿಲ್ಲ.

ಹೆಚ್ಚು ನಂಬಬೇಕಾದದ್ದು ಜನರನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗಗಳನ್ನು. ಜಪಾನಿನ ಕಾವೊ ಕಂಪನಿಯ ವಿಜ್ಞಾನಿಗಳು ಕ್ಯಾಟೆಚಿನ್ ಹೆಚ್ಚಿಸಿದ ಪಾನೀಯವನ್ನು 12 ವಾರ ಕುಡಿಸಿ ಹೊಟ್ಟೆಯ ಕೊಬ್ಬು ಸ್ವಲ್ಪ ಇಳಿದದ್ದನ್ನು 2007ರಲ್ಲಿ ತೋರಿಸಿದರು. ಆದರೆ 2012ರಲ್ಲಿ ಕೊಕ್ರೇನ್ ಸಂಸ್ಥೆಯವರು ತೂಕ ಇಳಿಕೆಯ ಎಲ್ಲ ಒಳ್ಳೆಯ ಪ್ರಯೋಗಗಳನ್ನೂ ಒಟ್ಟಿಗೆ ತೂಗಿದಾಗ, ಜಪಾನಿನ ಹೊರಗೆ ನಡೆದ ಆರು ಅಧ್ಯಯನಗಳ ಸರಾಸರಿ ಇಳಿಕೆ 0.04 ಕೆಜಿ ಎಂದು ಬಂತು. ನಲವತ್ತು ಗ್ರಾಂ. ಅಂಗಡಿಯ ಡಬ್ಬಿಯ ಮೇಲೆ ಸೊಂಟ ಸಣ್ಣಗಿರುವ ಹೆಣ್ಣಿನ ಚಿತ್ರ ಹಾಕುವ ಕಂಪನಿಗಳು ಈ ಅಂಕಿಯನ್ನೂ ಪಕ್ಕದಲ್ಲೇ ಅಚ್ಚು ಹಾಕಿದ್ದರೆ ಜನಕ್ಕೆ ಉಪಕಾರವಾಗುತ್ತಿತ್ತು. ಬ್ರೂನೊ ಅವರೇ 2022ರಲ್ಲಿ ಪ್ರಕಟಿಸಿದ, 40 ಜನರ ಮೇಲಿನ 28 ದಿನಗಳ ಪ್ರಯೋಗದಲ್ಲಿ ಐದು ಕಪ್ಪಿನಷ್ಟು ಸಾರ ತೆಗೆದುಕೊಂಡವರ ಬೆಳಗಿನ ಸಕ್ಕರೆಯ ಮಟ್ಟ ಇಳಿಯಿತು, ಕರುಳಿನ ಉರಿಯೂತ ತಗ್ಗಿತು. ಒಳ್ಳೆಯ ಸುದ್ದಿಯೇ. ಆದರೆ 40 ಜನ, 28 ದಿನ. ವರ್ಷಗಟ್ಟಲೆ ಕೂಡಿದ ಲಿವರಿನ ನಾರು ಕರಗಿತೆಂದು ಯಾರೂ ತೋರಿಸಿಲ್ಲ.

ಇಲ್ಲಿಯವರೆಗಿನ ಮಾತಿನ ಸಾರ ಇಷ್ಟು: ಸಕ್ಕರೆ ಹಾಲಿಲ್ಲದ ಎರಡು ಮೂರು ಕಪ್ಪು ಗ್ರೀನ್ ಟೀಯಿಂದ ಹೆಚ್ಚಿನವರಿಗೆ ಕೇಡಿಲ್ಲ, ಸ್ವಲ್ಪ ಹಿತವೂ ಇರಬಹುದು. ಅದರ ಅತಿ ದೊಡ್ಡ ಉಪಕಾರ, ಅಷ್ಟು ಲೋಟ ಸಿಹಿ ಟೀಯ ಜಾಗದಲ್ಲಿ ಅದು ಬಂದು ಕೂತರೆ ಆಗುವಂಥದ್ದು. ಊಟದ ಹೊತ್ತಿನಲ್ಲಿ ಮಾತ್ರ ಬೇಡ. ಒಗರಿನ ಅಂಶಗಳು ಸೊಪ್ಪು ಕಾಳುಗಳ ಕಬ್ಬಿಣಾಂಶವನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. ಗಾರ್ಮೆಂಟ್ಸಿನಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳಿಗೆ ರಕ್ತಹೀನತೆ ಮೊದಲೇ ಇರುತ್ತದೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಡುವುದು ಲೇಸು.

ಆದರೆ ಕಪ್ಪು ಕೈಬಿಟ್ಟು ಕ್ಯಾಪ್ಸೂಲ್ ಹಿಡಿದವರ ಕಥೆ ಬೇರೆ. ಒಂದು ಕಪ್ಪಿನಲ್ಲಿ ಇಜಿಸಿಜಿ ಇರುವುದು ಸುಮಾರು 50ರಿಂದ 100 ಮಿಲಿಗ್ರಾಂ. ‘ಫ್ಯಾಟ್ ಬರ್ನರ್’ ಗುಳಿಗೆಗಳಲ್ಲಿ ಹಲವು ಕಪ್ಪುಗಳ ಸಾರವನ್ನು ಒಂದೇ ಸಲ, ಎಷ್ಟೋ ವೇಳೆ ಖಾಲಿ ಹೊಟ್ಟೆಗೆ ಇಳಿಸುತ್ತಾರೆ. ಫ್ರಾನ್ಸ್ ಮತ್ತು ಸ್ಪೇನ್ ದೇಶಗಳಲ್ಲಿ ತೂಕ ಇಳಿಸಲು ಮಾರುತ್ತಿದ್ದ ಎಕ್ಸೊಲಿಸ್ ಎಂಬ ಗ್ರೀನ್ ಟೀ ಸಾರದ ಗುಳಿಗೆಯನ್ನು ಲಿವರ್ ಹಾನಿಯ ಪ್ರಕರಣಗಳು ಬಂದ ಮೇಲೆ 2003ರಲ್ಲಿ ಮಾರುಕಟ್ಟೆಯಿಂದ ತೆಗೆದರು. ಅಮೆರಿಕದ ಮಿನ್ನೆಸೋಟದಲ್ಲಿ ಸ್ತನ ಕ್ಯಾನ್ಸರಿನ ಅಪಾಯ ತಗ್ಗೀತೇ ಎಂದು ನೋಡಲು, ಮುಟ್ಟು ನಿಂತ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ವರ್ಷ ದಿನಕ್ಕೆ 843 ಮಿಲಿಗ್ರಾಂ ಇಜಿಸಿಜಿ ಕೊಟ್ಟರು. ಆ ಗುಂಪಿನ ಶೇ. 5.1 ಮಂದಿಯಲ್ಲಿ ಲಿವರಿನ ರಕ್ತಪರೀಕ್ಷೆ ಗಮನಾರ್ಹವಾಗಿ ಏರುಪೇರಾಯಿತು. ಸಾರವಿಲ್ಲದ ಹುಸಿಗುಳಿಗೆ ನುಂಗಿದವರಲ್ಲಿ ಹಾಗಾದದ್ದು ಶೇ. 0.7. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದಿನಕ್ಕೆ 800 ಮಿಲಿಗ್ರಾಂ ಇಜಿಸಿಜಿ ಮುಟ್ಟಿದ ಸಾರದ ಬಗ್ಗೆ ಎಚ್ಚರಿಸಿತು. 2022ರಲ್ಲಿ ಆ ಮಿತಿ ಕಾನೂನಾಯಿತು.

ಯಾರಿಗೆ ಹಾನಿಯಾಗುತ್ತದೆ ಎಂಬುದರ ಒಂದು ಎಳೆಯೂ ಸಿಕ್ಕಿದೆ. ಅಮೆರಿಕದ ವೈದ್ಯರ ಜಾಲವೊಂದು ಗ್ರೀನ್ ಟೀ ಸಾರದಿಂದ ಲಿವರ್ ಕೆಟ್ಟವರ ವಂಶವಾಹಿಗಳನ್ನು ನೋಡಿದಾಗ, ಅವರಲ್ಲಿ ಶೇ. 72 ಮಂದಿಗೆ ಎಚ್‌ಎಲ್‌ಎ-ಬಿ 35:01 ಎಂಬ ಗುರುತು ಇತ್ತು. ಸಾಮಾನ್ಯ ಜನರಲ್ಲಿ ಅದು ಶೇ. 11ರಷ್ಟು. ಗುಳಿಗೆ ಕೊಳ್ಳುವ ಮುನ್ನ ಈ ಪರೀಕ್ಷೆ ಮಾಡಿಸುವವರು ಯಾರು? ಹಾನಿಯಾದ ಮೇಲಷ್ಟೇ ಗೊತ್ತಾಗುವ ವಿಷಯ ಇದು. ಈಗಾಗಲೇ ಕೊಬ್ಬು ತುಂಬಿದ ಲಿವರನ್ನು ಸರಿಪಡಿಸುವೆನೆಂದು ಹೊರಟವರು ಅದಕ್ಕೆ ಈ ಜೂಜನ್ನೂ ಕಟ್ಟುವುದು ಯಾವ ನ್ಯಾಯ?

ಇಂಥದ್ದೇ ಕಥೆಯೊಂದು ನಮ್ಮ ಮಲೆನಾಡಿನಲ್ಲೇ ಹುಟ್ಟಿತ್ತೆಂಬುದು ಬಹಳ ಜನಕ್ಕೆ ತಿಳಿಯದು. ಉತ್ತರ ಕನ್ನಡದ ಕಾಡಿನಲ್ಲಿ ಉಪ್ಪಾಗೆ ಮರ ಧಾರಾಳ. ಮಳೆಗಾಲದಲ್ಲಿ ಹಣ್ಣಾಗುವ, ಪುಟ್ಟ ಕುಂಬಳದಂತೆ ಪಟ್ಟೆಪಟ್ಟೆಯಾದ ಹಳದಿ ಹಣ್ಣು. ಬೀಜದಿಂದ ತುಪ್ಪ ತೆಗೆಯುತ್ತಾರೆ, ಸಿಪ್ಪೆಯನ್ನು ಒಣಗಿಸಿ ಹುಳಿಗೆ ಇಡುತ್ತಾರೆ. ಕೊಡಗಿನ ಪಂದಿಕರಿಗೆ ಬೀಳುವ ಕಪ್ಪನೆಯ ಕಾಚಂಪುಳಿ ಇದೇ ಹಣ್ಣಿನ ರಸ ಕುದಿಸಿ ಇಳಿಸಿದ್ದು. ಕೇರಳದವರ ಮೀನುಸಾರಿನ ಕೊಡಂಪುಳಿಯೂ ಇದೇ. ಈ ಹುಳಿಯ ನಿಜವಾದ ಆಮ್ಲ ಯಾವುದೆಂದು ಕಂಡುಹಿಡಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ವಿಜ್ಞಾನಿಗಳಾದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್. ಅಲ್ಲಿಯವರೆಗೆ ಅದನ್ನು ಹುಣಸೆ, ನಿಂಬೆಗಳ ಆಮ್ಲವೆಂದೇ ತಿಳಿದಿದ್ದರು. 1965ರಲ್ಲಿ ಇವರಿಬ್ಬರು ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್, ಪಿಷ್ಟದಿಂದ ಕೊಬ್ಬು ಕಟ್ಟುವ ಲಿವರಿನ ಒಂದು ಕಿಣ್ವವನ್ನು ಈ ಆಮ್ಲ ತಡೆಹಿಡಿಯುತ್ತದೆ ಎಂದು ಕಂಡರು. ಲಿವರಿನ ಹೊಸ ಕೊಬ್ಬಿಗೆ ನೇರ ಬೀಗ! ಕಾಗದದ ಮೇಲೆ ಇದಕ್ಕಿಂತ ಚೆಂದದ ಔಷಧ ಸಿಗಲಾರದು.

1990ರ ದಶಕದಲ್ಲಿ ‘ಗಾರ್ಸಿನಿಯಾ ಕಾಂಬೋಜಿಯಾ’ ಎಂಬ ಹೆಸರಿನಲ್ಲಿ ಈ ಸಿಪ್ಪೆಯ ಸಾರ ಪಶ್ಚಿಮದ ತೂಕ ಇಳಿಸುವ ಅಂಗಡಿಗಳಿಗೆ ನುಗ್ಗಿತು. ಸಿರಸಿ, ಸಿದ್ದಾಪುರ, ಹೊನ್ನಾವರದ ಕಾಡುಗಳಲ್ಲಿ ಉಪ್ಪಾಗೆ ಸಿಪ್ಪೆಗೆ ಎಂದೂ ಇಲ್ಲದ ಬೆಲೆ ಬಂತು. ಹಣ್ಣಾಗುವ ಮೊದಲೇ ಕಾಯಿ ಕೀಳುವುದು, ಕೊಂಬೆಯನ್ನೇ ಕಡಿಯುವುದು ಶುರುವಾಯಿತು. ಜಡಿಮಳೆಯಲ್ಲಿ ಬಿಸಿಲೆಲ್ಲಿ? ಸಿಪ್ಪೆಯನ್ನು ಒಲೆಯ ಮೇಲಿನ ತಟ್ಟಿಯಲ್ಲಿ ಹರಡಿ, ಹಗಲು ರಾತ್ರಿ ಸೌದೆ ಉರಿಸಿ ಒಣಗಿಸಬೇಕು. ಎಷ್ಟೋ ಬಡ ಮನೆಗಳಿಗೆ ಅದರಿಂದ ದುಡ್ಡು ಬಂತೆಂಬುದು ನಿಜ. ಕಾಡಿನ ಸೌದೆಯೂ ಅಷ್ಟೇ ಹೋಯಿತು.

ಗುಳಿಗೆ ನುಂಗಿದವರಿಗೆ ಬಂದದ್ದೇನು? ಸ್ಟೀವನ್ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರು 135 ಜನರ ಮೇಲೆ 12 ವಾರ ನಡೆಸಿದ ಪ್ರಯೋಗ 1998ರಲ್ಲಿ ಪ್ರಕಟವಾಯಿತು. ಉಪ್ಪಾಗೆಯ ಸಾರಕ್ಕೂ ಹುಸಿಗುಳಿಗೆಗೂ ತೂಕ ಇಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ‘ಹೈಡ್ರಾಕ್ಸಿಕಟ್’ ಎಂಬ ಹೆಸರುವಾಸಿ ಉತ್ಪನ್ನಗಳನ್ನು ಬಳಸಬೇಡಿರೆಂದು ಸಾರಿತು; ಲಿವರ್ ಹಾನಿಯ 23 ವರದಿಗಳು ಅದರ ಮುಂದಿದ್ದವು, ಒಂದು ಸಾವೂ ಸೇರಿದಂತೆ. ಆ ಉತ್ಪನ್ನಗಳಲ್ಲಿ ಕೆಲವಕ್ಕೆ ಉಪ್ಪಾಗೆಯ ಸಾರವನ್ನೂ ಗ್ರೀನ್ ಟೀ ಸಾರವನ್ನೂ ಸೇರಿಸುತ್ತಿದ್ದರು. ಮುಂದೆ ಉಪ್ಪಾಗೆ ಸಾರದಿಂದ ಲಿವರ್ ಕೆಟ್ಟವರಲ್ಲೂ ಅದೇ 35:01 ಗುರುತು ಹೆಚ್ಚಾಗಿ ಕಂಡಿತು. ಕಾಚಂಪುಳಿ ತಲೆತಲಾಂತರದಿಂದ ಕೊಡಗಿನವರ ಅಡುಗೆಯಲ್ಲಿದೆ. ಅಡುಗೆಮನೆಯಲ್ಲಿ ಚಮಚದ ಲೆಕ್ಕದಲ್ಲಿದ್ದ ಹುಳಿ, ಕಾರ್ಖಾನೆಯಲ್ಲಿ ಗ್ರಾಮುಗಟ್ಟಲೆಯ ಪುಡಿಯಾದಾಗ ಅದರ ನಡತೆ ಬದಲಾಯಿತು.

ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯವನ್ನು ತಿಂಗಳುಗಟ್ಟಲೆ ಕುಡಿದು ಕಾಮಾಲೆ ತಂದುಕೊಂಡವರ ವಿಷಯವನ್ನು ಮುಂಬೈಯ ವೈದ್ಯರು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಗಿಡದ ಗುರುತಿನ ಬಗ್ಗೆಯೇ ತಕರಾರು ಎತ್ತಿತು. ಮಾರನೆಯ ವರ್ಷ ದೇಶದ ಹಲವು ಆಸ್ಪತ್ರೆಗಳು ಸೇರಿ ಇನ್ನಷ್ಟು ರೋಗಿಗಳ ವಿವರ ಕೊಟ್ಟವು. ‘ಗಿಡಮೂಲಿಕೆ ತಾನೆ, ಏನಾದೀತು’ ಎನ್ನುವ ಮಾತನ್ನು ಮನೆಮನೆಯಲ್ಲಿ ನಿಲ್ಲಿಸಬೇಕಾಗಿದೆ. ಹೊಟ್ಟೆಗೆ ಬಿದ್ದ ಪ್ರತಿಯೊಂದನ್ನೂ ಸೋಸುವ ಕೆಲಸ ಲಿವರಿನದೇ. ಅದಕ್ಕೆ ಗಿಡದ್ದು, ಗುಳಿಗೆಯದ್ದು ಎಂಬ ಭೇದವಿಲ್ಲ.

ಕಾಫಿಯ ಮಾತು ಹೇಳದೆ ಹೋದರೆ ಈ ನಾಡಿಗೆ ಅನ್ಯಾಯವಾದೀತು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಲಿವರಿನ ಮಟ್ಟಿಗೆ ಗ್ರೀನ್ ಟೀಗಿಂತ ಕಾಫಿಯ ಪರವಾಗಿಯೇ ಹೆಚ್ಚು ಪುರಾವೆ ಇದೆ. ಬ್ರಿಟನ್ನಿನ 4,94,585 ಜನರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ 2021ರಲ್ಲಿ ಬಂತು: ಕಾಫಿ ಕುಡಿಯುವವರಲ್ಲಿ ದೀರ್ಘಕಾಲದ ಲಿವರ್ ಕಾಯಿಲೆ ಶೇ. 21 ಕಡಿಮೆ, ಅದರಿಂದ ಆಗುವ ಸಾವು ಶೇ. 49 ಕಡಿಮೆ. ಇದೂ ಗಮನಿಸಿ ಕಂಡದ್ದೇ ಹೊರತು ಪ್ರಯೋಗವಲ್ಲ. ಆದರೂ ಗ್ರೀನ್ ಟೀಯ ಒಗರು ಹಿಡಿಸದವರು ಮುಖ ಕಿವಿಚಿಕೊಂಡು ಅದನ್ನೇ ಕುಡಿಯಬೇಕಾಗಿಲ್ಲ. ಬೈಟೂ ಕಾಫಿ ಸಾಕು. ಸಕ್ಕರೆಯನ್ನು ವಾರವಾರ ಕಾಲು ಚಮಚ ತಗ್ಗಿಸುತ್ತ ಬಂದರೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ಹಾಗಾದರೆ ಲಿವರಿನ ಕೊಬ್ಬು ಕರಗುವುದು ಯಾವುದರಿಂದ? ತೂಕ ಇಳಿಯುವುದರಿಂದ. ಕ್ಯೂಬಾದ ಹವಾನಾದಲ್ಲಿ 293 ರೋಗಿಗಳಿಗೆ ಊಟ, ನಡಿಗೆಗಳ ಮಾರ್ಗದರ್ಶನ ಮಾಡಿ, ಒಂದು ವರ್ಷದ ಮೊದಲೂ ಆಮೇಲೂ ಲಿವರಿನ ತುಣುಕು ತೆಗೆದು ನೋಡಿದರು. 2015ರಲ್ಲಿ ಬಂದ ಆ ವರದಿಯಂತೆ ತೂಕದ ಶೇ. 10ರಷ್ಟನ್ನು ಇಳಿಸಿದವರಲ್ಲಿ ಶೇ. 90 ಮಂದಿಯ ಉರಿಯೂತದ ಕಾಯಿಲೆ ಹೋಗಿತ್ತು. ಶೇ. 45 ಮಂದಿಯಲ್ಲಿ ನಾರು ಕೂಡ ಹಿಮ್ಮೆಟ್ಟಿತ್ತು. 80 ಕೆಜಿಯವರಿಗೆ 8 ಕೆಜಿ. ಶೇ. 5 ಇಳಿದರೂ ಕೊಬ್ಬು ಕರಗಲು ಶುರುವಾಗುತ್ತದೆ, ಅಂದರೆ 4 ಕೆಜಿ. ಇದು ಕಷ್ಟವೆಂಬುದನ್ನು ಮುಚ್ಚಿಡಬಾರದು. ವೈದ್ಯರ ಕಣ್ಗಾವಲಿನಲ್ಲಿದ್ದ ಆ 293 ಮಂದಿಯಲ್ಲೂ ಶೇ. 5 ಇಳಿಸಲಾದದ್ದು 88 ಜನಕ್ಕೆ ಮಾತ್ರ. ಮೂರು ಪಾಳಿಯಲ್ಲಿ ದುಡಿದು, ವಾರಕ್ಕೊಮ್ಮೆ ನಿದ್ದೆಯ ಹೊತ್ತು ಬದಲಾಗುವ ಕಾರ್ಮಿಕರಿಗೆ ಅದು ಇನ್ನೂ ಕಷ್ಟ. ತಪ್ಪನ್ನು ಅವರ ನಾಲಿಗೆಯ ಮೇಲಷ್ಟೇ ಹೊರಿಸುವುದು ಸರಿಯಲ್ಲ. ಕ್ಯಾಂಟೀನಿನಲ್ಲಿ ಅನ್ನ, ತಿಳಿಸಾರು, ಹಪ್ಪಳವೇ ಸಿಗುವಾಗ ಅವರು ಬೇರೆ ತಿನ್ನುವುದೆಲ್ಲಿ? ರಾತ್ರಿ ಎರಡಕ್ಕೆ ಬೇಯಿಸಿದ ಮೊಟ್ಟೆಯೋ ಹುರುಳಿ ಉಸಲಿಯೋ ಇಟ್ಟರೆ ಕಾರ್ಖಾನೆಯ ಗಂಟೇನೂ ಹೋಗುವುದಿಲ್ಲ. ಇದು ಪೀಣ್ಯದ ಮಾಲೀಕರು ಕೇಳಿಸಿಕೊಳ್ಳಬೇಕಾದ ಮಾತು.

ಮನೆಯ ತಟ್ಟೆಗೆ ಹೊಸದೇನೂ ಬೇಡ. ಸೊಪ್ಪು ಕಾಳು ಬೇಯಿಸಿದ ಬಸ್ಸಾರು, ಉಪ್ಸಾರು, ಹುರುಳಿ ಕಟ್ಟು, ಅವರೆಕಾಳು ಈ ಸೀಮೆಯವೇ. ಅನ್ನದ ಜಾಗವನ್ನು ಅವು ಅರ್ಧ ನುಂಗಿದರೆ ಸಾಕು. ರಾಗಿಯ ಬಗ್ಗೆ ಒಂದು ಎಚ್ಚರ: ಅದರಲ್ಲಿ ನಾರು, ಸುಣ್ಣದಂಶ ಹೆಚ್ಚು, ನಿಜ. ಆದರೂ ಅದು ಪಿಷ್ಟವೇ. ಗುದ್ದಲಿ ಹಿಡಿದವರಿಗೆ ಸಲ್ಲುತ್ತಿದ್ದ ಎರಡು ದಪ್ಪ ಮುದ್ದೆ ಕೂತು ದುಡಿಯುವವರಿಗೆ ಸಲ್ಲದು. ಒಂದು ಸಣ್ಣ ಮುದ್ದೆ, ಸಾರು ಗಟ್ಟಿಯಾಗಿ. ಇನ್ನು ಶನಿವಾರ ರಾತ್ರಿಯ ಬಾಟಲಿ. ಕೊಬ್ಬು ತುಂಬಿದ ಲಿವರಿಗೆ ಮದ್ಯ ಸೇರಿದರೆ ಎರಡೂ ಕೂಡಿ ಹಾನಿ ಬೇಗ ಬರುತ್ತದೆ. ಅಲ್ಲಿ ರಾಜಿ ಮಾಡಿಕೊಳ್ಳಲು ಜಾಗವಿಲ್ಲ.

ಸರ್ಕಾರವೂ ಇದನ್ನು ಗಮನಿಸಿದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಬಿ.ಪಿ., ಕ್ಯಾನ್ಸರುಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. 2024ರ ಸೆಪ್ಟೆಂಬರಿನಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಹೊರಡಿಸಿತು. ಸ್ಕ್ಯಾನಿಂಗಿನ ಚೀಟಿ ಕೈಗೆ ಬಂದವರು ಕೇಳಬೇಕಾದ ಪರೀಕ್ಷೆ ದುಬಾರಿಯದ್ದಲ್ಲ. ಫಿಬ್-4 ಎಂಬ ಲೆಕ್ಕವಿದೆ. ವಯಸ್ಸು, ಲಿವರಿನ ರಕ್ತಪರೀಕ್ಷೆಯ ಎಎಸ್‌ಟಿ ಮತ್ತು ಎಎಲ್‌ಟಿ, ಪ್ಲೇಟ್‌ಲೆಟ್ ಎಣಿಕೆ ಈ ನಾಲ್ಕೇ ಅಂಕಿ ಸಾಕು. ಹೆಚ್ಚಿನವರ ವರದಿಗಳಲ್ಲಿ ಅವು ಆಗಲೇ ಇರುತ್ತವೆ. 1.3ಕ್ಕಿಂತ ಕಡಿಮೆ ಬಂದರೆ ಸದ್ಯಕ್ಕೆ ಗಟ್ಟಿ ನಾರಿನ ಭಯ ಕಡಿಮೆ. ಹೆಚ್ಚು ಬಂದರೆ ಲಿವರಿನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಲು ವೈದ್ಯರು ಹೇಳುತ್ತಾರೆ. ಹಾಗೆ ಹೋಗುವಾಗ ಮನೆಯಲ್ಲಿ ತಿನ್ನುತ್ತಿರುವ ಪುಡಿ, ಕಷಾಯ, ಪ್ರೋಟೀನ್, ತೂಕ ಇಳಿಸುವ ಕ್ಯಾಪ್ಸೂಲ್, ಎಲ್ಲದರ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಬೇಕು. ಅವರು ಕೇಳಲಿ, ಬಿಡಲಿ.